ಪಗಾರ ಬಿಟ್ಟು ಉಳಿದದ್ದೆಲ್ಲ

ನಾನು ಆ ಸಂಸ್ಥೆಗೆ ಸೇರಿದಾಗ ಅದು ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಾಗಿತ್ತು. ಹೊರಗೆ ಬೋರ್ಡು ಕೂಡ ಇರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದ ಒಬ್ಬ ಹೆಣ್ಣುಮಗಳು ಅದನ್ನು ನಡೆಸುತ್ತಿದ್ದರು. ಎಲ್ಲರೂ ಅವರನ್ನು ಸಿಸ್ಟರಮ್ಮ ಎನ್ನುತ್ತಿದ್ದರು. ಹೆರಿಗೆ ವಾರ್ಡಿನಲ್ಲೇ ನೌಕರಿಯ ಬಹುಪಾಲು ಕಳೆದವರು. ಹುಟ್ಟಿದ ಕೂಡಲೇ ಅಳದ ಕೂಸುಗಳನ್ನು ಕೈಯಲ್ಲಿ ಹಿಡಿದು ಉಸಿರಾಡಿಸಿದವರು. ಬದುಕಿದ ಆ ಕೂಸುಗಳಲ್ಲಿ ಕೆಲವು ಮುಂದೆ ಏನಾದವು ಎಂದು ವಿಚಾರಿಸುತ್ತಾ ಹೋದಾಗ ಅವರಿಗೆ ಸಿಕ್ಕವರೇ ಈ ಮಕ್ಕಳು. ಕತ್ತು ನಿಲ್ಲದವರು, ಕೂರಲು ಬಾರದವರು, ಎರಡೂ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದುಕೊಂಡವರು. ಮೆದುಳಿಗೆ ಆದ ಪೆಟ್ಟು ವಾಸಿಯಾಗುವುದಿಲ್ಲ. ಆದರೆ ದಿನಾ ಕೈಕಾಲು ಆಡಿಸಿ ಎಳೆದು ಸಡಿಲ ಮಾಡುತ್ತಿದ್ದರೆ ಕೂಸು ಕೂರಬಹುದು, ಕೆಲವರು ನಿಲ್ಲಬಹುದು. ಅಷ್ಟೇ ಆ ಮನೆಯ ಕೆಲಸ.

ನಾನು ಮುದಗಲ್ಲಿನವಳು. ಮದುವೆಯಾಗಿ ಸಿಂಧನೂರಿಗೆ ಬಂದು ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಸಿಸ್ಟರಮ್ಮ ನಮ್ಮ ಓಣಿಯವರೇ. ಒಂದು ಸಂಜೆ ಮನೆಗೆ ಬಂದು, ಚಹಾ ಕುಡಿದು, ಬಟ್ಟಲು ಕೆಳಗಿಡುತ್ತಾ ಹೇಳಿದರು: “ನಿನಗ ಇಂಗ್ಲಿಷ್ ಬರ್ತೈತಿ. ದೊಡ್ಡ ಮಂದಿಗೆ ಅರ್ಜಿ ಬರಿಯಾಕ ನನಗೊಬ್ರು ಬೇಕು. ಸಾಲಿ ಬಿಟ್ಟು ಬಾ ಅನ್ನೂದಿಲ್ಲ. ಸಾಲಿ ಬಿಟ್ಟ ಮ್ಯಾಲೆ ಬಾ.” ಆರು ತಿಂಗಳಲ್ಲಿ ನಾನು ಶಾಲೆಯನ್ನೇ ಬಿಟ್ಟೆ. ಯಾರೂ ಒತ್ತಾಯ ಮಾಡಲಿಲ್ಲ. ಶಾಲೆಗಿಂತ ಅಲ್ಲಿ ನನಗೆ ಹಗುರಾಗಿರುತ್ತಿತ್ತು.

ಮಕ್ಕಳಿಗೆ ವ್ಯಾಯಾಮ ಮಾಡಿಸಲು ಮಸ್ಕಿಯಿಂದ ಒಬ್ಬ ತರುಣ ದಿನಾ ಬಸ್ಸಿಗೆ ಬರುತ್ತಿದ್ದ. ಫಿಸಿಯೋಥೆರಪಿ ಓದಿದವನು. ನನ್ನನ್ನು ಅಕ್ಕ ಎಂದೂ ಮಕ್ಕಳನ್ನು ಸಾಹೇಬ್ರೇ ಎಂದೂ ಕರೆಯುತ್ತಿದ್ದ. ಚಾಪೆಯ ಮೇಲೆ ಮೊಣಕಾಲೂರಿ ಕೂತು ಒಂದು ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದನೆಂದರೆ, ಬಿಗಿದ ನರ ಒಪ್ಪುವ ತನಕ ಹಿಡಿದೇ ಇರುತ್ತಿದ್ದ. ನೋಡುವವರಿಗೆ ಅಲ್ಲಿ ಏನೂ ನಡೆಯುತ್ತಿಲ್ಲ ಎನಿಸುತ್ತಿತ್ತು. ಅವನ ಪಗಾರವನ್ನು ಊರಿನ ಕೆಲವು ಅಕ್ಕಿ ಗಿರಣಿಯವರು ಕೂಡಿಸಿ ಕೊಡುತ್ತಿದ್ದರು. ಕಡಿಮೆ ಬಿದ್ದದ್ದನ್ನು ಸಿಸ್ಟರಮ್ಮ ತಮ್ಮ ಪಿಂಚಣಿಯಿಂದ ತುಂಬುತ್ತಿದ್ದರು.

ನಾನು ಹೇಳಬೇಕೆಂದಿರುವ ಹುಡುಗಿ ತುರ್ವಿಹಾಳದವಳು. ಮೊದಲ ಸಲ ಬಂದಾಗ ಅವಳಿಗೆ ನಾಲ್ಕು ವರ್ಷ. ತಾಯಿ ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಬಸ್ಸಿಳಿದು ಬಂದಿದ್ದಳು. ತಾಯಿ ನಾಟಿ ಹಚ್ಚುವ, ಕಳೆ ತೆಗೆಯುವ ಕೂಲಿಯವಳು. ತಂದೆ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಹುಡುಗಿಗೆ ಕೂರಲು ಬರುತ್ತಿರಲಿಲ್ಲ. ಮಾತು ತಡವಾಗಿ, ಒಂದೊಂದೇ ಬರುತ್ತಿತ್ತು. ಆದರೆ ಎಲ್ಲ ತಿಳಿಯುತ್ತಿತ್ತು. ನಾವು ದೊಡ್ಡವರು ಯಾರನ್ನಾದರೂ ಆಡಿಕೊಂಡು ನಕ್ಕರೆ ಅವಳೂ ನಗುತ್ತಿದ್ದಳು. ಅವಳಿಗೆ ಬಸ್ಸೆಂದರೆ ಬಹಳ ಇಷ್ಟ. ವಾರದಲ್ಲಿ ಮೂರು ದಿನ ತಾಯಿ ಕೂಲಿ ಬಿಟ್ಟು ಅವಳನ್ನು ಕರೆತರುತ್ತಿದ್ದಳು. ನಾಟಿಯ ಹಂಗಾಮಿನಲ್ಲಿ ಅದು ಸಣ್ಣ ಮಾತಲ್ಲ. ಗುಂಪಿನಲ್ಲಿ ಒಪ್ಪಿಕೊಂಡ ಕೆಲಸವನ್ನು ಒಬ್ಬಳು ತಪ್ಪಿಸಿದರೆ ಉಳಿದವರ ಬೈಗುಳ ಕೇಳಬೇಕು. ಅವಳು ಕೇಳಿಸಿಕೊಂಡೇ ಬರುತ್ತಿದ್ದಳು.

ಒಂದು ವರ್ಷಕ್ಕೆ ಹುಡುಗಿ ಗೋಡೆಗೆ ಬೆನ್ನು ಕೊಟ್ಟು ಕೂತಳು. ಮರುವರ್ಷ ಬೆನ್ನಿಗೆ ಗೋಡೆ ಬೇಡವಾಯಿತು. ಆಮೇಲೆ ಒಂದು ದಿನ ಥೆರಪಿಸ್ಟ್ ಅವಳನ್ನು ಕಿಟಕಿಯ ಸರಳು ಹಿಡಿಸಿ ನಿಲ್ಲಿಸಿ, ಸೊಂಟದಿಂದ ತನ್ನ ಕೈಯನ್ನು ನಿಧಾನ ತೆಗೆದ. ಅವಳು ನಿಂತಳು. ತಾಯಿ ಬಾಗಿಲ ಹತ್ತಿರ ಕೂತಿದ್ದಳು. ಎದ್ದು ಬರಲಿಲ್ಲ.

“ಇನ್ನೊಮ್ಮೆ ನಿಂದ್ರಸ್ರೀ ಸರ,” ಎಂದಳು. “ನನಗ ಬರೋಬ್ಬರಿ ಕಾಣಲಿಲ್ಲ.”

ಆ ದಿನ ಅವರು ಮಧ್ಯಾಹ್ನದ ಬಸ್ಸು ಬಿಟ್ಟು ಸಂಜೆಯ ಬಸ್ಸಿಗೆ ಹೋದರು. ಹುಡುಗಿ ಸರಳು ಬಿಡಲೇ ಒಲ್ಲೆ ಎಂದಿದ್ದಳು.

ಗಿರಣಿಯವರ ಗುಂಪು ಒಡೆದದ್ದು ಆ ವರ್ಷವೇ. ಅವರೊಳಗಿನ ವ್ಯಾಪಾರದ ಜಗಳ, ನಮಗೆ ಸಂಬಂಧವಿಲ್ಲದ್ದು. ಇಬ್ಬರು ಕೊಡುವುದನ್ನು ನಿಲ್ಲಿಸಿದರು, ಉಳಿದವರು ಆ ಇಬ್ಬರನ್ನು ತೋರಿಸಿ ನಿಲ್ಲಿಸಿದರು. ಆಗ ಸಿಸ್ಟರಮ್ಮ ಕಂಪನಿಗಳಿಗೆ ಬರೆಯಲು ಹೇಳಿದರು. ದೊಡ್ಡ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂದು ಕಾನೂನಿದೆ. ಆ ಹಣ ತಾವೇ ಹಂಚಲಾಗದ ಕಂಪನಿಗಳು ನಮ್ಮಂಥ ಸಂಸ್ಥೆಗಳನ್ನು ಜೊತೆಗೆ ಸೇರಿಸಿಕೊಳ್ಳುತ್ತವೆ. ನಾನು ಬಹಳ ಕಡೆ ಬರೆದೆ. ಹೆಚ್ಚಿನವರು ಉತ್ತರ ಕೊಡಲಿಲ್ಲ. ಒಂದು ಕಂಪನಿಯ ಅಧಿಕಾರಿ ಮಾತ್ರ ಫೋನ್ ಮಾಡಿ, ಬಂದು ನೋಡುತ್ತೇನೆ ಎಂದರು.

ಅವರು ಬಂದದ್ದು ಸುಡು ಬಿಸಿಲಿನಲ್ಲಿ. ಒಳ್ಳೆಯ ಮನುಷ್ಯ. ಬೂಟು ಬಿಚ್ಚಿ ಚಾಪೆಯ ಮೇಲೆಯೇ ಕೂತರು. ತುರ್ವಿಹಾಳದ ಹುಡುಗಿ ಅವರ ಕನ್ನಡಕ ಕಿತ್ತುಕೊಂಡರೆ ಕೊಡು ಎನ್ನಲಿಲ್ಲ. ಎಲ್ಲ ನೋಡಿದ ಮೇಲೆ ಕೇಳಿದರು: “ಏನು ಬೇಕು ಹೇಳಿ ಮೇಡಂ.”

ಸಿಸ್ಟರಮ್ಮ ಥೆರಪಿಸ್ಟನ ಕಡೆ ಕೈ ತೋರಿಸಿ, “ಇವನ ಪಗಾರ,” ಎಂದರು. “ಸಾಧ್ಯ ಆದ್ರ ಇಂಥವ ಇನ್ನೊಬ್ಬ.”

ಅಧಿಕಾರಿಯ ಮುಖ ಸ್ವಲ್ಪ ಇಳಿಯಿತು. “ಪಗಾರ ನಮ್ಮ ನಿಯಮದಲ್ಲಿ ಬರಲ್ಲ ಅಮ್ಮ. ಕಟ್ಟಡ ಕೊಡಬಹುದು, ಸಲಕರಣೆ ಕೊಡಬಹುದು. ಒಂದು ಸಲ ಕೊಟ್ಟರೆ ಉಳಿಯುವಂಥದ್ದು. ದಿನದಿನದ ಖರ್ಚು ಸಂಸ್ಥೆಯೇ ನೋಡಿಕೊಳ್ಳಬೇಕು. ಸಂಸ್ಥೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಅನ್ನೋದು ನಮ್ಮವರ ಆಸೆ.”

“ನಮ್ಮ ಮಕ್ಳಿಗೂ ಅದನ್ನ ಹೇಳಾಕತ್ತೀವ್ರೀ,” ಎಂದರು ಸಿಸ್ಟರಮ್ಮ. “ಆದ್ರ ಸೊಂಟ ಹಿಡಿಯಾಕ ಒಬ್ರು ಬೇಕಾಗ್ತಾರ.”

ಅವರು ನಕ್ಕರು. ನಾವೂ ನಕ್ಕೆವು. ಅದು ಜಗಳವಾಗಿರಲಿಲ್ಲ.

ಅಂದು ಸಂಜೆ ನಾವು ಮೂವರೂ ಕೂತು ಮಾತಾಡಿದೆವು. ಥೆರಪಿಸ್ಟ್ ತೆಗೆದುಕೊಳ್ಳೋಣ ಎಂದ. ಒಂದು ಒಳ್ಳೆಯ ಹಾಲ್ ಆದರೆ ಹೊರಗಿನವರೂ ಮೊಣಕಾಲು, ಬೆನ್ನು ಎಂದು ಬರುತ್ತಾರೆ, ಅವರು ಕೊಟ್ಟ ಫೀಯಲ್ಲಿ ಮಕ್ಕಳ ಖರ್ಚು ಹೋಗುತ್ತದೆ ಎಂಬ ಲೆಕ್ಕ ಅವನದು. ಕಟ್ಟಡವನ್ನು ನೋಡಿ ಬೇರೆ ದಾನಿಗಳು ಬರುತ್ತಾರೆ ಎಂಬ ನಂಬಿಕೆ ನನ್ನದು. ಸಿಸ್ಟರಮ್ಮ ಊರ ಹೊರಗೆ ತಾವು ಮನೆ ಕಟ್ಟಲೆಂದು ಕೊಂಡಿಟ್ಟಿದ್ದ ಜಾಗವನ್ನು ಸಂಸ್ಥೆಯ ಹೆಸರಿಗೆ ಮಾಡುತ್ತೇನೆ ಎಂದರು. ಕಂಪನಿಯವರು ಬಾಡಿಗೆ ಜಾಗದಲ್ಲಿ ಕಟ್ಟುವುದಿಲ್ಲವಲ್ಲ.

ಹಾಲ್ ಏಳುವ ತನಕ ಥೆರಪಿಸ್ಟನ ಪಗಾರ ಸಿಸ್ಟರಮ್ಮನ ಪಿಂಚಣಿಯಲ್ಲೇ ಹೋಯಿತು. ಹಾಲ್ ಎದ್ದಿತು. ಚೆನ್ನಾಗಿಯೇ ಕಟ್ಟಿದರು, ಅದರಲ್ಲಿ ಸುಳ್ಳು ಹೇಳಬಾರದು. ಒಂದು ಗೋಡೆ ಪೂರ್ತಿ ಕನ್ನಡಿ, ನೆಲಕ್ಕೆ ಮೆತ್ತನೆಯ ಹಾಸು. ಹಿಡಿದು ನಡೆಯಲು ಹೊಳೆಯುವ ಜೋಡಿ ಸರಳು. ಟ್ರೆಡ್‌ಮಿಲ್ ಎಂಬ, ನಿಂತಲ್ಲೇ ನಡೆಯುವ ಕರೆಂಟಿನ ಯಂತ್ರ ಒಂದು. ಅದು ನಮ್ಮ ಯಾವ ಮಗುವಿಗೂ ಉಪಯೋಗವಿಲ್ಲದ್ದು. ಜೋಡಿ ಸರಳು ದೊಡ್ಡವರ ಎತ್ತರಕ್ಕಿತ್ತು, ಕೆಳಗೆ ಇಳಿಸಿದರೂ ಚಿಕ್ಕ ಮಕ್ಕಳಿಗೆ ಎಟುಕುತ್ತಿರಲಿಲ್ಲ. ಥೆರಪಿಸ್ಟ್ ಹಲಗೆ ತರಿಸಿ ನೆಲವನ್ನೇ ಎತ್ತರ ಮಾಡಿಕೊಂಡ.

ಉದ್ಘಾಟನೆಗೆ ಒಂದು ಮಗು ಸರಳು ಹಿಡಿದು ನಡೆದು ತೋರಿಸಬೇಕು ಎಂದು ಕಂಪನಿಯಿಂದ ಹೇಳಿಕಳಿಸಿದ್ದರು. ಆಗ ಹಾಗೆ ಹೆಜ್ಜೆ ಇಡಬಲ್ಲವಳು ತುರ್ವಿಹಾಳದ ಹುಡುಗಿ ಒಬ್ಬಳೇ. ತಾಯಿ ಅವಳಿಗೆ ಹಳದಿ ಫ್ರಾಕು ಹಾಕಿ, ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ತಂದಿದ್ದಳು. ಬಂದ ಅತಿಥಿಗಳು ಕುರ್ಚಿಯಲ್ಲಿ ಕೂತರು. ಕ್ಯಾಮೆರಾದವನು ಮುಂದೆ ಬಂದ. ಹುಡುಗಿ ಕನ್ನಡಿಯಲ್ಲಿ ತನ್ನನ್ನು ತಾನು ನೋಡುತ್ತಾ ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಅಷ್ಟರಲ್ಲಿ ಎಲ್ಲರೂ ಒಮ್ಮೆಲೇ ಚಪ್ಪಾಳೆ ತಟ್ಟಿದರು. ಇಂಥ ಮಕ್ಕಳು ದಿಢೀರ್ ಸದ್ದಿಗೆ ಮೈಯೆಲ್ಲ ಸೆಟೆದು ಬೆಚ್ಚುತ್ತಾರೆ. ಅವಳ ಕೈ ಸರಳಿನಿಂದ ಹಾರಿತು, ಅವಳು ಮುಖ ಅಡಿಯಾಗಿ ಬಿದ್ದಳು. ತುಟಿ ಒಡೆಯಿತು. ಥೆರಪಿಸ್ಟ್ ಎತ್ತಿಕೊಂಡು ಹೊರಗೆ ಓಡಿದ. ಅಧಿಕಾರಿ ಅವನ ಹಿಂದೆಯೇ ಹೋಗಿ, ನೀರು ತಂದು, ತಪ್ಪಾಯಿತು ಎಂದು ತಾಯಿಗೆ ಕೈ ಮುಗಿದರು. ಬೀಳುವ ಮುಂಚಿನ ಫೋಟೋ ಚೆನ್ನಾಗಿ ಬಂದಿತ್ತು. ಅದನ್ನು ದೊಡ್ಡದು ಮಾಡಿಸಿ ಹಾಲಿನ ಬಾಗಿಲ ಮೇಲೆ ತೂಗುಹಾಕಲು ಕಳಿಸಿಕೊಟ್ಟರು.

ತೊಂದರೆ ಶುರುವಾದದ್ದು ಆಮೇಲೆ. ಹೊಸ ಹಾಲ್ ಬಸ್ ನಿಲ್ದಾಣದಿಂದ ದೂರ. ಹಳೆಯ ಮನೆಗೆ ತಾಯಂದಿರು ಬಸ್ಸಿಳಿದು ನಡೆದು ಬರುತ್ತಿದ್ದರು, ಇಲ್ಲಿಗೆ ಆಟೋ ಹಿಡಿಯಬೇಕು. ಮುಕ್ಕುಂದದಿಂದ ಇಬ್ಬರು ಮಕ್ಕಳನ್ನು ತರುತ್ತಿದ್ದ ಅಜ್ಜಿ ಮೊದಲು ಬಿಟ್ಟಳು. ಹಾಲಿಗೆ ಕರೆಂಟು ಬಿಲ್ಲು, ನೀರಿನ ಬಿಲ್ಲು, ಸಾಮಾನು ಕದ್ದು ಹೋಗದಂತೆ ಕಾವಲಿಗೆ ಒಬ್ಬ. ಇದೆಲ್ಲ ಹಿಂದೆ ಇರಲಿಲ್ಲ. ಫೀ ಕೊಡುವ ದೊಡ್ಡವರನ್ನು ಸೇರಿಸಿಕೊಳ್ಳೋಣವೆಂದರೆ, ಕಂಪನಿಯ ಒಪ್ಪಂದದಲ್ಲಿ ಆ ಜಾಗದಲ್ಲಿ ಯಾರಿಂದಲೂ ಹಣ ತೆಗೆದುಕೊಳ್ಳಬಾರದು ಎಂದಿತ್ತು. ಅದನ್ನು ಮರೆಮಾಚಿರಲಿಲ್ಲ, ನಾವು ಓದಿಯೇ ಸಹಿ ಮಾಡಿದ್ದೆವು. ಅಷ್ಟು ಬಿಗಿಯಾಗಿ ಹಿಡಿಯಲಾರರು ಎಂದುಕೊಂಡಿದ್ದೆವು. ಕೇಳಿದಾಗ ಅಧಿಕಾರಿ, “ಬಡವರಿಗೆ ಅಂತ ಕೊಟ್ಟಿದ್ದು ಮೇಡಂ, ಆಡಿಟಿನಲ್ಲಿ ಸಿಕ್ಕಿಬೀಳುತ್ತೇವೆ,” ಎಂದರು. ಅವರ ಮಾತೂ ಸರಿಯೇ ಇತ್ತು.

ಥೆರಪಿಸ್ಟನಿಗೆ ಅರ್ಧ ಪಗಾರ ಕೊಟ್ಟೆವು, ಆಮೇಲೆ ಅದೂ ತಡವಾಗಿ. ಅವನ ಮದುವೆ ಗೊತ್ತಾಗಿತ್ತು. ಲಿಂಗಸುಗೂರಿನ ಒಂದು ಖಾಸಗಿ ಆಸ್ಪತ್ರೆಯವರು ಕರೆಯುತ್ತಿದ್ದರು. ಅವನು ನನ್ನ ಹತ್ತಿರ ಬಂದು ಹೇಳಲಾರದೆ ಕನ್ನಡಿ ಒರೆಸುತ್ತಾ ನಿಂತ.

“ಅಕ್ಕಾ, ಮುಂದಿನ ತಿಂಗಳಿಂದ ಬರಾಕ ಆಗೂದಿಲ್ಲ.”

“ಹೋಗು,” ಎಂದೆ. “ಇಷ್ಟು ದಿನ ಇದ್ದದ್ದೇ ದೊಡ್ಡದು.”

“ಹಂಗ ಅನಬ್ಯಾಡ್ರಿ. ಬೈರಿ ನನಗ.”

ಅವನ ಕೈಯಿಂದ ಬಟ್ಟೆ ತೆಗೆದುಕೊಂಡು ಉಳಿದ ಕನ್ನಡಿಯನ್ನು ನಾನೇ ಒರೆಸಿದೆ.

ಹೋಗುವ ಮುಂಚೆ ಅವನು ತಾಯಂದಿರನ್ನು ಕೂರಿಸಿ ಒಬ್ಬೊಬ್ಬರಿಗೂ ಅವರ ಮಗುವಿನ ವ್ಯಾಯಾಮ ಕಲಿಸಿದ. ತುರ್ವಿಹಾಳದ ತಾಯಿ ಮಗಳ ಮೊಣಕಾಲನ್ನು ಹಿಡಿದು ಒತ್ತಿದಾಗ ಹುಡುಗಿ ಚೀರಿದಳು. ತಾಯಿ ಕೈ ಬಿಟ್ಟಳು.

“ಬಿಡಬಾರದ್ರಿ ಅವ್ವಾ. ಹಿಡಿದಿರಬೇಕು. ಅಳತಾಳ, ಆಮ್ಯಾಲೆ ಸಡಿಲ ಆಗ್ತೈತಿ.”

“ನೀವು ಹಿಡಿದಾಗ ಅಳೂದಿಲ್ಲಲ್ಲರಿ ಸರ.”

“ನೀವು ಅವ್ವ ಅದೀರಿ, ಅದಕ್ಕ ಅಳತಾಳ.”

ಅವಳು ಮತ್ತೆ ಹಿಡಿದಳು.

ಅವನು ಹೋದ ಮೇಲೆ ಬೇರೆ ಯಾರೂ ಸಿಗಲಿಲ್ಲ. ನಾವು ಕೊಡುವ ಪಗಾರಕ್ಕೆ ರಾಯಚೂರಿನಿಂದ ಯಾರು ಬರುತ್ತಾರೆ? ನಾನೂ ಸಿಸ್ಟರಮ್ಮನೂ ನೋಡಿ ಕಲಿತಷ್ಟನ್ನು ಮಾಡಿಸುತ್ತಿದ್ದೆವು. ಸಿಸ್ಟರಮ್ಮನಿಗೆ ಕೆಳಗೆ ಕೂತರೆ ಏಳಲಾಗುತ್ತಿರಲಿಲ್ಲ. ನನಗೆ ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅಂದಾಜು ಇರಲಿಲ್ಲ. ತುರ್ವಿಹಾಳದ ತಾಯಿ ಕೆಲವು ದಿನ ಮಗಳನ್ನು ಕರೆದುಕೊಂಡು ಲಿಂಗಸುಗೂರಿಗೇ ಹೋದಳು. ಎರಡು ಬಸ್ಸು, ಇಡೀ ದಿನ. ಅವನು ಆಸ್ಪತ್ರೆಯವರಿಗೆ ಹೇಳಿ ಫೀ ಬಿಡಿಸಿದ್ದ. ಆದರೆ ಅಲ್ಲಿ ಮೊಣಕಾಲು ಆಪರೇಷನ್ ಆದವರ ಸಾಲು. ಅವನಿಗೆ ಹುಡುಗಿಯ ಹತ್ತಿರ ಕೂರಲು ಸಿಗುತ್ತಿದ್ದದ್ದು ಸ್ವಲ್ಪ ಹೊತ್ತು. ನಾಟಿ ಶುರುವಾದ ಮೇಲೆ ಅವಳು ಹೋಗುವುದನ್ನು ನಿಲ್ಲಿಸಿದಳು.

ಆ ದಿನಗಳಲ್ಲೇ ಕಂಪನಿಯ ನೌಕರರು ಒಂದು ದಿನದ ಸೇವೆಗೆ ಬರುತ್ತಾರೆ ಎಂದು ತಿಳಿಸಿದರು. ಬಸ್ಸು ಮಾಡಿಕೊಂಡು, ಒಂದೇ ಬಣ್ಣದ ಅಂಗಿ ಹಾಕಿಕೊಂಡು ಬಂದರು. ಎಲ್ಲ ನಗುಮುಖದ ಹುಡುಗ ಹುಡುಗಿಯರು. ಗೋಡೆಗೆ ಚಿಟ್ಟೆ, ಮೀನು, ಕಾಮನಬಿಲ್ಲು ಬರೆದರು. ಹಾಲ್‌ಗೆ ಬಣ್ಣ ಬಳಿದು ವರ್ಷವೂ ಆಗಿರಲಿಲ್ಲ. ಬಣ್ಣದ ವಾಸನೆಗೆ ಮಕ್ಕಳು ಕೆಮ್ಮುತ್ತಾರೆಂದು ಆ ವಾರ ಮಕ್ಕಳಿಗೇ ಬರಬೇಡಿ ಎಂದೆವು. ಅವರಲ್ಲೊಬ್ಬಳು ಹುಡುಗಿ ಗೋಡೆಯ ಮೂಲೆಯಲ್ಲಿ ಕೂತು ಬಹಳ ಮನಸ್ಸಿಟ್ಟು ಒಂದು ಆಮೆ ಬರೆಯುತ್ತಿದ್ದಳು. ಮಕ್ಕಳು ಎಲ್ಲಿ ಎಂದು ನನ್ನನ್ನು ಕೇಳಿದ್ದು ಅವಳೊಬ್ಬಳೇ. ಹೇಳಿದೆ. ಬ್ರಷ್ ಕೆಳಗಿಟ್ಟಳು, ಅಷ್ಟರಲ್ಲಿ ಯಾರೋ ಫೋಟೋಕ್ಕೆ ಕರೆದರು, ಎದ್ದು ಹೋದಳು.

ಊಟದ ಹೊತ್ತಿನಲ್ಲಿ ನಾನು ಅಧಿಕಾರಿಯನ್ನು ಪಕ್ಕಕ್ಕೆ ಕರೆದು ಕೇಳಿದೆ: “ಇಷ್ಟು ಮಂದಿ ಬಂದು ಹೋಗುವ ಖರ್ಚಿನಲ್ಲಿ ಥೆರಪಿಸ್ಟನನ್ನು ಇಟ್ಟುಕೊಳ್ಳಬಹುದಿತ್ತಲ್ಲ ಸರ್.”

“ನಾನೂ ಅದನ್ನೇ ಕೇಳಿದೆ ಮೇಡಂ, ಎರಡು ಸಲ. ಇದು ಬೇರೆ ಖಾತೆ, ಅದು ಬೇರೆ ಖಾತೆ ಅಂದರು. ಮೂರನೇ ಸಲ ಕೇಳಿದರೆ ನನ್ನನ್ನೇ ಬೇರೆ ಖಾತೆಗೆ ಹಾಕ್ತಾರೆ.” ಅವರು ನಗಲು ನೋಡಿದರು. ಕೆಲವು ತಿಂಗಳಿಗೆ ಅವರಿಗೆ ನಿಜವಾಗಿಯೂ ವರ್ಗವಾಯಿತು. ಮೂರನೇ ಸಲ ಕೇಳಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರ ಜಾಗಕ್ಕೆ ಬಂದವರು ಫೋನಿನಲ್ಲಿ ಬಹಳ ವಿನಯದಿಂದ ಮಾತಾಡಿದರು. ಈ ವರ್ಷದಿಂದ ಕಂಪನಿ ಕೆರೆ ಹೂಳೆತ್ತುವ ಕೆಲಸಕ್ಕೆ ಗಮನ ಕೊಡುತ್ತದೆ, ನಿಮ್ಮ ಊರಿನಲ್ಲಿ ಕೆರೆ ಇದ್ದರೆ ಹೇಳಿ ಎಂದರು.

ತುರ್ವಿಹಾಳದ ಹುಡುಗಿಯನ್ನು ನಾನು ಮತ್ತೆ ನೋಡಿದ್ದು ಒಂದು ವರ್ಷ ಕಳೆದ ಮೇಲೆ. ಇನ್ನೊಂದು ಕಂಪನಿ ಮಕ್ಕಳಿಗೆ ಗಾಲಿಕುರ್ಚಿ ಕೊಡುತ್ತೇವೆ ಎಂದು ಮುಂದೆ ಬಂದಿತ್ತು. ಒಂದೊಂದು ಮಗುವಿನ ಅಳತೆ ಬೇಕಿತ್ತು. ನಾನು ಟೇಪು ಹಿಡಿದು ತುರ್ವಿಹಾಳಕ್ಕೆ ಹೋದೆ. ಕಾಲುವೆ ತುಂಬಿ ಹರಿಯುತ್ತಿತ್ತು, ದಾರಿಯುದ್ದಕ್ಕೂ ಗದ್ದೆಗಳು ಹಸಿರಾಗಿದ್ದವು. ಆ ತಾಯಿ ಅವತ್ತು ಮನೆಯಲ್ಲೇ ಇದ್ದಳು. ಹುಡುಗಿ ಒಳಗೆ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ಉದ್ದವಾಗಿದ್ದಳು. ಎರಡೂ ಮೊಣಕಾಲು ಎದೆಯ ಕಡೆ ಮಡಚಿಕೊಂಡಿದ್ದವು. ನನ್ನನ್ನು ನೋಡಿ ನಕ್ಕಳು. ಆಮೇಲೆ, “ಬಸ್ಸು?” ಎಂದಳು.

“ಇಲ್ಲವ್ವ, ಇವತ್ತು ಬಸ್ಸಿಲ್ಲ,” ಎಂದಳು ತಾಯಿ. ನನ್ನ ಕಡೆ ತಿರುಗಿ, “ಯಾರ ಬಂದ್ರೂ ಅದನ್ನ ಕೇಳತಾಳ್ರೀ ಅಕ್ಕೋರೆ,” ಎಂದಳು.

“ವ್ಯಾಯಾಮ ಮಾಡಸಾಕತ್ತೀರೇನ?”

“ಮೊದಲ ಮಾಡಸ್ತಿದ್ದೆ. ಹೊಲದಿಂದ ಬಂದು ಒಲಿ ಹಚ್ಚೂದ್ರಾಗ ಆಕಿ ಮಲಗಿರತಿದ್ಲು. ಮಲಗಿದಾಕಿನ್ನ ಎಬ್ಬಿಸಿ ಅಳಸಾಕ ಮನಸ್ಸು ಬರಲಿಲ್ಲ. ಈಗ ಹಿಡಿದ್ರ ಕಾಲು ಬರೂದಿಲ್ರೀ. ಬಡಿಗಿ ಆಗ್ಯಾವ.”

ನಾನು ಹತ್ತಿರ ಕೂತು ಮೊಣಕಾಲನ್ನು ಹಿಡಿದು ನೋಡಿದೆ. ಅದು ಬಿಚ್ಚಲಿಲ್ಲ. ಆಪರೇಷನ್ ಮಾಡಿದರೆ ಬಿಚ್ಚುತ್ತದೆ ಎಂದು ಆಮೇಲೆ ಥೆರಪಿಸ್ಟ್ ಫೋನಿನಲ್ಲಿ ಹೇಳಿದ. ಆಪರೇಷನ್ ಆದ ಮೇಲೆ ತಿಂಗಳುಗಟ್ಟಲೆ ದಿನಾ ವ್ಯಾಯಾಮ ಮಾಡಿಸದಿದ್ದರೆ ಮತ್ತೆ ಬಿಗಿಯುತ್ತದೆ ಎಂದೂ ಹೇಳಿದ.

ತಾಯಿ ಮಗಳನ್ನು ಎತ್ತಿ ಕೂರಿಸಿ ಹಿಂದಿನಿಂದ ಅಪ್ಪಿ ಹಿಡಿದಳು. ನಾನು ಬೆನ್ನಿನ ಎತ್ತರ, ಸೊಂಟದ ಅಗಲ ಅಳೆದುಕೊಂಡೆ. ಟೇಪು ಕುತ್ತಿಗೆಗೆ ತಾಗಿದರೆ ಹುಡುಗಿಗೆ ಕಚಗುಳಿ. ನಗುತ್ತಿದ್ದಳು.

“ಈ ಕುರ್ಚ್ಯಾಗ ಕುಂತು ಕುಂತು ಮುಂದ ನಿಂದ್ರಾಕ ಬರತೈತೇನ್ರೀ?”

ಸುಳ್ಳು ಹೇಳಬಹುದಿತ್ತು. “ಇಲ್ಲ,” ಎಂದೆ. “ಕುಂದ್ರಾಕ ಅಷ್ಟ.”

“ಹೂಂ,” ಎಂದಳು. ಆಮೇಲೆ, “ಒಂದ್ಸಲ ನಿಂತಿದ್ಲಲ್ಲ,” ಎಂದಳು. ಅದು ನನಗೆ ಹೇಳಿದ ಮಾತಾಗಿರಲಿಲ್ಲ. ಮಗಳ ಜಡೆ ಬಿಚ್ಚಿಹೋಗಿತ್ತು, ಅದನ್ನು ಕಟ್ಟುತ್ತಿದ್ದಳು.

ಕುರ್ಚಿಗಳು ಬಂದವು. ಎಲ್ಲವೂ ಒಂದೇ ಅಳತೆಯವು. ಅಳತೆ ಕಳಿಸಿದ್ದೆವಲ್ಲ ಎಂದು ಕೇಳಿದಾಗ, ಒಂದೇ ಥರದ್ದಾದರೆ ಹೆಚ್ಚು ಮಕ್ಕಳಿಗೆ ಕೊಡಬಹುದು ಎಂದು ಮೇಲಿನವರು ತೀರ್ಮಾನಿಸಿದರು ಎಂದು ಕುರ್ಚಿ ತಂದವರು ಹೇಳಿದರು. ಹಂಚುವ ಕಾರ್ಯಕ್ರಮ ನಮ್ಮ ಹಾಲಿನಲ್ಲೇ ಆಯಿತು. ಸಿಸ್ಟರಮ್ಮ ಬರಲಿಲ್ಲ. ಅವರಿಗೆ ಈಗ ಕಣ್ಣು ಮಂಜು, ಹೊರಗೆ ಬರುವುದು ಕಡಿಮೆ. ನಾನು ವೇದಿಕೆಯ ಮೇಲೆ ನಿಂತು ಎಲ್ಲರಿಗೂ ಧನ್ಯವಾದ ಹೇಳಿದೆ. ಹೇಳಬೇಕಾಗಿತ್ತು. ಮುಂದಿನ ಸಲ ಯಾರಾದರೂ ಪಗಾರಕ್ಕೆ ಒಪ್ಪಿಯಾರು ಎಂಬ ಆಸೆಯಿಂದ ಎಂದು ಹಿಂದೆ ಅನ್ನುತ್ತಿದ್ದೆ. ಈಗ ಆ ಆಸೆಯೂ ನನಗಿಲ್ಲ, ಆದರೂ ಹೇಳಿದೆ.

ಹಾಲನ್ನು ವಾರಕ್ಕೆ ಎರಡು ದಿನ ತೆರೆಯುತ್ತೇನೆ. ನಾಲ್ಕೈದು ಮಕ್ಕಳು ಬರುತ್ತಾರೆ, ಎಲ್ಲ ಊರೊಳಗಿನವರು. ನನಗೆ ತಿಳಿದಷ್ಟು ಕೈಕಾಲು ಆಡಿಸುತ್ತೇನೆ. ಅದರಿಂದ ಏನಾದರೂ ಆಗುತ್ತಿದೆಯೇ ಎಂದು ಕೇಳಿದರೆ ಹೌದೆನ್ನಲು ಧೈರ್ಯವಿಲ್ಲ. ವರ್ಷಕ್ಕೊಮ್ಮೆ ಮೊದಲ ಕಂಪನಿಯಿಂದ ಒಬ್ಬರು ಬಂದು ಕಟ್ಟಡ, ಸಲಕರಣೆ ಎಲ್ಲ ಇದ್ದಲ್ಲೇ ಇದೆಯೇ ಎಂದು ನೋಡಿ ಹೋಗುತ್ತಾರೆ. ಎಲ್ಲವೂ ಇದೆ.

ಮೊನ್ನೆ ತುರ್ವಿಹಾಳದ ಮೇಲೆ ಹೋಗುವಾಗ ಇಳಿದು ಅವರ ಮನೆಗೆ ಹೋಗಿದ್ದೆ. ಹುಡುಗಿಯ ಎರಡೂ ಪಕ್ಕಕ್ಕೆ ದಿಂಬು ತುರುಕಿ ಕುರ್ಚಿಯಲ್ಲಿ ಕೂರಿಸಿದ್ದರು. ಅವರ ಓಣಿ ಕಲ್ಲುಕಲ್ಲು, ಗಾಲಿ ಹೊರಗೆ ಉರುಳುವುದಿಲ್ಲ. ಅದಕ್ಕೆ ಕುರ್ಚಿ ಕಟ್ಟೆಯ ಮೇಲೆಯೇ ಇರುತ್ತದೆ. ತಾಯಿ ಗದ್ದೆಗೆ ಹೋಗಿದ್ದಳು. ಪಕ್ಕದ ಮನೆಯ ಮುದುಕಿ ನಡುನಡುವೆ ಬಂದು ನೋಡುತ್ತಾಳಂತೆ.

“ಚಲೋ ಐತಿ ಕುರ್ಚಿ,” ಎಂದಳು ಮುದುಕಿ. “ಬೀಳೂದಿಲ್ಲ ಏನಿಲ್ಲ. ಕುಂದ್ರಿಸಿ ಹೋದ್ರ ಸಂಜಿತನ ಕುಂತಿರತಾಳ.”

ಹುಡುಗಿ ನನ್ನ ಕೈ ಹಿಡಿದುಕೊಂಡಳು. ಈ ಸಲ ಬಸ್ಸು ಎನ್ನಲಿಲ್ಲ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿದ್ದು, ಜಾರಿದ್ದ ದಿಂಬನ್ನು ಸರಿಮಾಡಿ ಎದ್ದು ಬಂದೆ.